ಒಂದು ಸಿಂಥಸೈಜರ್‌ನಿಂದ ಹೊರಗಿನ ಮಿಡಿ ವಾದ್ಯಗಳನ್ನು ನುಡಿಸುವುದು ಹೇಗೆ

ಮನೆಯಲ್ಲಿರುವ ಸಿಂಥಸೈಜರ್‌ನ ಪಕ್ಕಕ್ಕೆ ಹಳೆಯದೊಂದು ರ‍್ಯಾಕ್ ಮಾಡ್ಯೂಲ್ (ಕೀಗಳಿಲ್ಲದ, ನಾದ ಹುಟ್ಟಿಸುವ ಡಬ್ಬಿ) ಅಥವಾ ಅಂಗೈಯಗಲದ ಅನಲಾಗ್ ಸಿಂಥ್ ಬಂದು ಸೇರಿದಾಗ, ಮೊದಲಿನದರ ಕೀಬೋರ್ಡ್‌ನಿಂದಲೇ ಉಳಿದವನ್ನೂ ನುಡಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಒಂದೆರಡು ಕೇಬಲ್‌ಗಳು ಮತ್ತು ಮೆನುವಿನೊಳಗಿನ ಐದಾರು ಸೆಟ್ಟಿಂಗ್‌ಗಳು ಸಾಕು. ಈ ಬರಹದಲ್ಲಿ ಒಂದು ನಿರ್ದಿಷ್ಟ ಜೋಡಣೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಮಾಸ್ಟರ್ (ಉಳಿದವನ್ನು ನುಡಿಸುವ ವಾದ್ಯ) ಆಗಿ 61 ಕೀಗಳ ಯಮಾಹಾ ಮಾಡ್‌ಎಕ್ಸ್ 6, ಅದರ ಹಿಂದೆ 1994ರಲ್ಲಿ ಬಂದ ರೋಲ್ಯಾಂಡ್ ಜೆವಿ-1080 ಮಾಡ್ಯೂಲ್, ಕೊನೆಯಲ್ಲಿ ಒಮ್ಮೆಗೆ ಮೂರೇ ಸ್ವರಗಳನ್ನು ನುಡಿಸಬಲ್ಲ ಕೋರ್ಗ್ ವೋಲ್ಕಾ ಕೀಸ್. ನಿಮ್ಮಲ್ಲಿರುವ ವಾದ್ಯಗಳು ಬೇರೆಯಾಗಿದ್ದರೆ ಮೆನುವಿನ ಹೆಸರುಗಳು ಬದಲಾಗುತ್ತವೆಯೇ ಹೊರತು ಕೆಲಸದ ಕ್ರಮ ಬದಲಾಗುವುದಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಹಾರ್ಮೋನಿಯಂನಲ್ಲಿ ಮನೆಯನ್ನು ಒತ್ತಿದರೆ ರೀಡಿಗೆ ಗಾಳಿ ನುಗ್ಗಿ ನಾದ ಬರುತ್ತದೆ. ಅಲ್ಲಿ ಒತ್ತುವುದನ್ನೂ ನುಡಿಯುವುದನ್ನೂ ಬೇರ್ಪಡಿಸಲು ಬರುವುದಿಲ್ಲ. ಸಿಂಥಸೈಜರ್‌ನಲ್ಲಿ ಕೀಬೋರ್ಡ್ ಒಂದು ಯಂತ್ರ, ನಾದವನ್ನು ಹುಟ್ಟಿಸುವ ಭಾಗ ಇನ್ನೊಂದು ಯಂತ್ರ. ಎರಡೂ ಒಂದೇ ಡಬ್ಬಿಯೊಳಗೆ ಕುಳಿತಿರುವುದರಿಂದ ನಮಗೆ ಒಂದೇ ವಾದ್ಯದಂತೆ ಕಾಣುತ್ತವೆ. ಕೀಯನ್ನು ಒತ್ತಿದಾಗ ಕೀಬೋರ್ಡ್ ಭಾಗವು ‘ಇಂಥ ಸ್ವರ, ಇಷ್ಟು ಬಲ’ ಎಂಬ ಸಣ್ಣ ಸಂದೇಶವನ್ನು ಬರೆಯುತ್ತದೆ, ನಾದದ ಭಾಗವು ಅದನ್ನು ಓದಿ ನುಡಿಯುತ್ತದೆ. ಆ ಸಂದೇಶವನ್ನು ಡಬ್ಬಿಯ ಹೊರಗೆ ಕಳುಹಿಸುವ ಕ್ರಮವೇ ಮಿಡಿ. ಹೊರಗಿನ ವಾದ್ಯಗಳನ್ನು ನುಡಿಸುವಾಗ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ಭಾಗಗಳನ್ನು ಒಂದೆಂದು ಭಾವಿಸುವುದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನುಭವ.

ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್‌ನ ಇಕುತಾರೊ ಕಾಕೆಹಾಶಿ ಈ ಕ್ರಮಕ್ಕೆ ಕಾರಣರಾದವರಲ್ಲಿ ಮುಖ್ಯರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ನಡೆದ ನ್ಯಾಮ್ ಎಂಬ ಸಂಗೀತ ವಾದ್ಯಗಳ ವ್ಯಾಪಾರ ಮೇಳದಲ್ಲಿ ಪ್ರಾಫೆಟ್-600 ಮತ್ತು ಜ್ಯೂಪಿಟರ್-6 ಎಂಬ ಎರಡು ಬೇರೆ ಕಂಪನಿಗಳ ಸಿಂಥ್‌ಗಳನ್ನು ಕೇಬಲ್‌ನಿಂದ ಜೋಡಿಸಿ, ಒಂದರಿಂದ ಇನ್ನೊಂದನ್ನು ನುಡಿಸಿ ತೋರಿಸಲಾಯಿತು. ಅಂದಿನ ನಿಯಮಗಳೇ ಇಂದಿಗೂ ನಡೆಯುತ್ತಿರುವುದರಿಂದ ಜೆವಿ-1080ಯಂಥ ಹಳೆಯ ಮಾಡ್ಯೂಲ್‌ಗೂ ಇಂದಿನ ಸಿಂಥ್‌ಗೂ ನಡುವೆ ಮಾತು ಸಾಧ್ಯವಾಗಿದೆ.

ಕೇಬಲ್ ಮತ್ತು ಕಿಂಡಿಗಳು

ಮಾಸ್ಟರ್‌ನ ಔಟ್ ಕಿಂಡಿಯಿಂದ ಮಾಡ್ಯೂಲ್‌ನ ಇನ್ ಕಿಂಡಿಗೆ ಕೇಬಲ್ ಹೋಗಬೇಕು. ಮೂರನೆಯ ವಾದ್ಯವಿದ್ದರೆ ಎರಡನೆಯದರ ಥ್ರೂ ಕಿಂಡಿಯಿಂದ ಮೂರನೆಯದರ ಇನ್‌ಗೆ ಹೋಗಬೇಕು. ಥ್ರೂ ಎಂಬುದು ಇನ್‌ಗೆ ಬಂದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುವ ಕಿಂಡಿ. ಔಟ್ ಎಂಬುದು ಆ ವಾದ್ಯವು ತಾನೇ ಹುಟ್ಟಿಸಿದ ಸಂದೇಶಗಳನ್ನು ಕಳುಹಿಸುವ ಕಿಂಡಿ. ಮಾಡ್ಯೂಲ್‌ನ ಔಟ್‌ಗೆ ಕೇಬಲ್ ಚುಚ್ಚಿ, ಮುಂದಿನ ವಾದ್ಯ ಯಾಕೆ ನುಡಿಯುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವುದು ಹೊಸಬರೆಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ವೋಲ್ಕಾ ಕೀಸ್‌ನಲ್ಲಿ ಇನ್ ಕಿಂಡಿ ಮಾತ್ರ ಇರುವುದರಿಂದ ಅದನ್ನು ಸಾಲಿನ ಕೊನೆಯಲ್ಲಿಯೇ ಇಡಬೇಕಾಗುತ್ತದೆ. ಆದ್ದರಿಂದ ನಮ್ಮ ಸಾಲು ಮಾಡ್‌ಎಕ್ಸ್, ಜೆವಿ-1080, ವೋಲ್ಕಾ ಎಂಬ ಕ್ರಮದಲ್ಲಿದೆ.

ಹೀಗೆ ಒಂದರ ಹಿಂದೆ ಒಂದು ಜೋಡಿಸುತ್ತ ಹೋದರೆ ಮೂರು ವಾದ್ಯಗಳವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪ್ರತಿಯೊಂದು ಇನ್ ಕಿಂಡಿಯ ಹಿಂದೆಯೂ ವಿದ್ಯುತ್ತನ್ನು ಬೆಳಕಾಗಿಸಿ ಮತ್ತೆ ವಿದ್ಯುತ್ತಾಗಿಸುವ ಆಪ್ಟೊಕಪ್ಲರ್ ಎಂಬ ಬಿಡಿಭಾಗವಿದ್ದು, ಪ್ರತಿ ದಾಟುವಿಕೆಯಲ್ಲೂ ಸಂಕೇತದ ಅಂಚುಗಳು ಸ್ವಲ್ಪ ಸವೆಯುತ್ತವೆ. ವಾದ್ಯಗಳು ಹೆಚ್ಚಾದಾಗ ಒಂದು ಇನ್ ಮತ್ತು ನಾಲ್ಕಾರು ಥ್ರೂಗಳಿರುವ ಥ್ರೂ ಬಾಕ್ಸ್ ಕೊಳ್ಳುವುದೇ ಒಳ್ಳೆಯದು. ಒಂದು ಕೇಬಲ್‌ನ ಉದ್ದ 15 ಮೀಟರ್ ಮೀರಬಾರದು. ಹಳೆಯ ಟೇಪ್ ರೆಕಾರ್ಡರ್‌ಗಳ ಐದು ಪಿನ್ನಿನ ಆಡಿಯೊ ಕೇಬಲ್ ನೋಡಲು ಹೀಗೆಯೇ ಇದ್ದರೂ ಒಳಗಿನ ತಂತಿಗಳ ಜೋಡಣೆ ಬೇರೆಯಾಗಿರುವ ಸಾಧ್ಯತೆಯಿರುವುದರಿಂದ ಅದನ್ನು ನಂಬಬೇಡಿ. ಮಿಡಿಯಲ್ಲಿ ಕೆಲಸ ಮಾಡುವುದು 4 ಮತ್ತು 5ನೆಯ ಪಿನ್‌ಗಳು, 2ನೆಯದು ಕವಚಕ್ಕೆ ಸೇರಿದ್ದು, ಉಳಿದೆರಡು ಸುಮ್ಮನಿರುತ್ತವೆ.

ಈಚಿನ ಪುಟ್ಟ ವಾದ್ಯಗಳಲ್ಲಿ ಐದು ಪಿನ್ನಿನ ಕಿಂಡಿಗೆ ಜಾಗವಿಲ್ಲದೆ 3.5 ಮಿಲಿಮೀಟರ್ ಜ್ಯಾಕ್ ಇರುತ್ತದೆ. ಇದಕ್ಕೆ ಬೇಕಾದ ಅಡಾಪ್ಟರ್‌ನಲ್ಲಿ ಎ ಮತ್ತು ಬಿ ಎಂಬ ಎರಡು ಬಗೆಗಳಿದ್ದು, ಒಂದರಲ್ಲಿ ತುದಿಗೆ ಹೋಗುವ ತಂತಿ ಇನ್ನೊಂದರಲ್ಲಿ ಉಂಗುರಕ್ಕೆ ಹೋಗುತ್ತದೆ. 2018ರಲ್ಲಿ ಎ ಬಗೆಯನ್ನೇ ಮಾನದಂಡವೆಂದು ಒಪ್ಪಲಾಯಿತಾದರೂ ಅದಕ್ಕೆ ಮುಂಚಿನ ಬಿ ಬಗೆಯ ವಾದ್ಯಗಳು ಇನ್ನೂ ಬಳಕೆಯಲ್ಲಿವೆ. ತಪ್ಪು ಬಗೆಯ ಅಡಾಪ್ಟರ್ ಹಾಕಿದರೆ ವಾದ್ಯ ಮೌನವಾಗಿರುತ್ತದೆ. ಯುಎಸ್‌ಬಿ ಕಿಂಡಿ ಮಾತ್ರ ಇರುವ ಎರಡು ವಾದ್ಯಗಳನ್ನು ನೇರವಾಗಿ ಕೇಬಲ್‌ನಿಂದ ಜೋಡಿಸಿದರೂ ಏನೂ ಆಗುವುದಿಲ್ಲ, ಏಕೆಂದರೆ ಯುಎಸ್‌ಬಿಯಲ್ಲಿ ಒಂದು ತುದಿ ಯಜಮಾನನಾಗಿರಲೇಬೇಕು. ಕಂಪ್ಯೂಟರ್ ಇಲ್ಲದಿದ್ದಾಗ ಆ ಪಾತ್ರವನ್ನು ಯುಎಸ್‌ಬಿ ಮಿಡಿ ಹೋಸ್ಟ್ ಎಂಬ ಸಣ್ಣ ಡಬ್ಬಿ ವಹಿಸಬೇಕು. ಮಾಡ್‌ಎಕ್ಸ್‌ನಂಥ ಸಿಂಥ್‌ಗಳಲ್ಲಿ ಸಂದೇಶವು ಯುಎಸ್‌ಬಿಯ ಮೂಲಕ ಹೋಗಬೇಕೊ ಐದು ಪಿನ್ನಿನ ಮೂಲಕ ಹೋಗಬೇಕೊ ಎಂದು ಆರಿಸುವ ಸೆಟ್ಟಿಂಗ್ ಇರುತ್ತದೆ. ಕೇಬಲ್ ಸರಿಯಿದ್ದೂ ಏನೂ ನುಡಿಯದಿದ್ದರೆ ಮೊದಲು ಅದನ್ನು ನೋಡಿ.

ಇಷ್ಟಾದ ಮೇಲೂ ಮಾಡ್ಯೂಲ್‌ನ ನಾದ ಕಿವಿಗೆ ಬೀಳಬೇಕಾದರೆ ಅದರ ಆಡಿಯೊ ಔಟ್‌ಪುಟ್‌ನಿಂದ ಬೇರೆ ಕೇಬಲ್ ಎಳೆಯಬೇಕು. ಮಿಡಿ ಕೇಬಲ್‌ನಲ್ಲಿ ಹರಿಯುವುದು ಆಜ್ಞೆಗಳಷ್ಟೇ ಆದ್ದರಿಂದ, ಆಜ್ಞೆ ತಲುಪಿ ಮಾಡ್ಯೂಲ್ ತನ್ನೊಳಗೇ ಚೆನ್ನಾಗಿ ನುಡಿಯುತ್ತಿದ್ದರೂ ಸ್ಪೀಕರ್‌ಗೆ ದಾರಿಯಿಲ್ಲದೆ ಹೋದೀತು. ಸಣ್ಣದೊಂದು ಮಿಕ್ಸರ್ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಮಾಡ್‌ಎಕ್ಸ್‌ನ ಹಿಂಬದಿಯ ಎ/ಡಿ ಇನ್‌ಪುಟ್‌ಗೆ ಮಾಡ್ಯೂಲ್‌ನ ನಾದವನ್ನು ಕೊಡಬಹುದು. ಆಗ ಅದಕ್ಕೆ ಮಾಸ್ಟರ್‌ನ ರಿವರ್ಬ್ ಕೂಡ ಸಿಗುತ್ತದೆ. ಜೋಡಣೆಯಲ್ಲಿ ಗುಂಯ್ ಎಂಬ ಹಮ್ಮಿಂಗ್ ಬಂದರೆ ಸಂಶಯವನ್ನು ಆಡಿಯೊ ಕೇಬಲ್ ಮತ್ತು ಯುಎಸ್‌ಬಿಯ ಮೇಲೆ ಪಡಬೇಕು; ಆಪ್ಟೊಕಪ್ಲರ್ ಇರುವ ಕಾರಣ ಐದು ಪಿನ್ನಿನ ಮಿಡಿ ಎರಡು ವಾದ್ಯಗಳ ಗ್ರೌಂಡನ್ನು (ಅರ್ತ್) ಬೆಸೆಯುವುದಿಲ್ಲ.

ಚಾನೆಲ್

ಒಂದೇ ಕೇಬಲ್‌ನಲ್ಲಿ 16 ಚಾನೆಲ್‌ಗಳು ಸಾಗುತ್ತವೆ. ಪ್ರತಿ ಸ್ವರದ ಸಂದೇಶದ ಮೇಲೂ ಚಾನೆಲ್ ಸಂಖ್ಯೆ ಇರುತ್ತದೆ, ಮತ್ತು ವಾದ್ಯವು ತನಗೆ ಹೇಳಿದ ಸಂಖ್ಯೆಯ ಸಂದೇಶಗಳನ್ನು ಮಾತ್ರ ಓದಿ ಉಳಿದವನ್ನು ಕಡೆಗಣಿಸುತ್ತದೆ. ಅಂಚೆಯವನು ಬೀದಿಯ ಎಲ್ಲ ಮನೆಗಳ ಮುಂದೆಯೂ ಎಲ್ಲ ಕಾಗದಗಳನ್ನೂ ಓದಿಕೊಂಡು ಹೋದರೆ, ತಮ್ಮ ವಿಳಾಸದ್ದು ಬಂದಾಗ ಮಾತ್ರ ಮನೆಯವರು ಬಾಗಿಲು ತೆರೆದಂತೆ.

ನಮ್ಮ ಜೋಡಣೆಯಲ್ಲಿ ಮಾಡ್‌ಎಕ್ಸ್‌ನ ಒಳಗಿನ ಪಿಯಾನೊಗೆ 1, ಜೆವಿಯ ತಂತಿವಾದ್ಯಗಳಿಗೆ 2, ವೋಲ್ಕಾಗೆ 3, ತಾಳವಾದ್ಯಗಳಿಗೆ 10 ಎಂದು ಹಂಚಿದ್ದೇವೆ. 10ನೆಯ ಚಾನೆಲ್ ಡ್ರಮ್ಸ್‌ಗೆ ಎಂಬುದು 1991ರ ಜನರಲ್ ಮಿಡಿ ಒಪ್ಪಂದದಿಂದ ಗಟ್ಟಿಯಾದ ರೂಢಿ. ಜೆವಿ-1080ಯಲ್ಲಿ ಹಲವು ಧ್ವನಿಗಳ ಹಂಚಿಕೆಯನ್ನು ಪರ್ಫಾರ್ಮೆನ್ಸ್ ಎಂದೂ ಅದರೊಳಗಿನ ಒಂದೊಂದು ಧ್ವನಿಯ ಜಾಗವನ್ನು ಪಾರ್ಟ್ ಎಂದೂ ಕರೆಯುತ್ತಾರೆ; ಅದರ 10ನೆಯ ಪಾರ್ಟ್ ತಾಳಕ್ಕೇ ಮೀಸಲಾಗಿದೆ. ಮೊದಲ ಪರೀಕ್ಷೆಗೆ ಇದಾವುದೂ ಬೇಡ. ಮಾಸ್ಟರ್ ಕಳುಹಿಸುವ ಚಾನೆಲನ್ನೂ ಮಾಡ್ಯೂಲ್ ಕೇಳುವ ಚಾನೆಲನ್ನೂ 1 ಎಂದು ಇಟ್ಟು, ಒಂದೊಂದೇ ವಾದ್ಯವನ್ನು ಆನ್ ಮಾಡಿ ನುಡಿಯುತ್ತದೆಯೇ ಎಂದು ನೋಡಿ, ಆಮೇಲೆ ಸಂಖ್ಯೆಗಳನ್ನು ಬೇರ್ಪಡಿಸಿ. ಕೆಲವು ವಾದ್ಯಗಳಲ್ಲಿ ಓಮ್ನಿ ಎಂಬ ಸ್ಥಿತಿ ಇದ್ದು, ಅದು ಆನ್ ಆಗಿದ್ದರೆ ಎಲ್ಲ ಚಾನೆಲ್‌ಗಳಿಗೂ ಓಗೊಡುತ್ತದೆ. ಮೊದಲ ಪರೀಕ್ಷೆಗೆ ಅನುಕೂಲವಾದರೂ ಆಮೇಲೆ ಅದನ್ನು ಆಫ್ ಮಾಡಲೇಬೇಕು.

ಹಳೆಯ ಸಿಂಥನ್ನು ಮಾಸ್ಟರ್ ಆಗಿ ಬಳಸುವವರಿಗೆ ಒಂದು ಮಾತು. 1983ರ ಯಮಾಹಾ ಡಿಎಕ್ಸ್7 ಸಿಂಥ್‌ನ ಕೀಗಳು ಇಂದಿಗೂ ಕೈಗೆ ಹಿತವಾಗಿವೆ, ಆದರೆ ಅದು 1ನೆಯ ಚಾನೆಲ್‌ನಲ್ಲಿ ಮಾತ್ರ ಕಳುಹಿಸುತ್ತದೆ. ಎಷ್ಟು ಜೋರಾಗಿ ಹೊಡೆದರೂ ಅದು ಕಳುಹಿಸುವ ಬಲದ ಸಂಖ್ಯೆ 127ರವರೆಗೆ ಹೋಗದೆ 100ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಅದಕ್ಕೆ ಜೋಡಿಸಿದ ಹೊಸ ಮಾಡ್ಯೂಲ್ ಸ್ವಲ್ಪ ಮಂಕಾಗಿ ಕೇಳಿಸಿದರೆ ಮಾಡ್ಯೂಲ್‌ನ ವೆಲಾಸಿಟಿ ಕರ್ವ್ (ಒತ್ತಿದ ಬಲಕ್ಕೆ ನಾದ ಎಷ್ಟು ಜೋರಾಗಬೇಕೆಂಬ ಸೆಟ್ಟಿಂಗ್) ಬದಲಿಸಬೇಕು.

ಲೋಕಲ್ ಕಂಟ್ರೋಲ್

ಕೀಬೋರ್ಡ್ ಭಾಗಕ್ಕೂ ನಾದದ ಭಾಗಕ್ಕೂ ನಡುವೆ ಡಬ್ಬಿಯೊಳಗೆ ಒಂದು ಒಳದಾರಿ ಇದೆ ಎಂದು ಭಾವಿಸಿ. ಆ ದಾರಿಯ ಗೇಟೇ ಲೋಕಲ್ ಕಂಟ್ರೋಲ್. ಗೇಟು ತೆರೆದಿದ್ದರೆ ಕೀ ಒತ್ತಿದಾಗ ಒಳಗಿನ ನಾದವೂ ಬರುತ್ತದೆ, ಔಟ್ ಕಿಂಡಿಯಿಂದ ಸಂದೇಶವೂ ಹೊರಡುತ್ತದೆ. ಮುಚ್ಚಿದ್ದರೆ ಸಂದೇಶ ಹೊರಕ್ಕೆ ಮಾತ್ರ ಹೋಗುತ್ತದೆ, ಒಳಗಿನ ನಾದ ಕೀಬೋರ್ಡ್‌ಗೆ ಕಿವುಡಾಗಿರುತ್ತದೆ. ಹಾಗಿದ್ದರೂ ಇನ್ ಕಿಂಡಿಯಿಂದ ಬಂದ ಸಂದೇಶಕ್ಕೆ ಅದು ಎಂದಿನಂತೆ ನುಡಿಯುತ್ತದೆ.

ಇದು ಎಲ್ಲಿ ಬೇಕು? ನೀವು ಹೊರಗಿನ ಮಾಡ್ಯೂಲ್‌ನ ಶಹನಾಯಿಯನ್ನು ಮಾತ್ರ ಕೇಳಬಯಸಿದಾಗ ಮಾಸ್ಟರ್‌ನ ಪಿಯಾನೊ ಜೊತೆಗೇ ಕುಟ್ಟುತ್ತಿದ್ದರೆ, ಅದರ ವಾಲ್ಯೂಮ್ ನಾಬನ್ನು ಸೊನ್ನೆಗೆ ತಿರುಗಿಸುವುದು ಹಲವರು ಮಾಡುವ ಉಪಾಯ. ಇದು ಅರ್ಧ ಉಪಾಯ. ಮಾಸ್ಟರ್‌ನ ಎ/ಡಿ ಇನ್‌ಪುಟ್‌ಗೆ ಮಾಡ್ಯೂಲ್‌ನ ನಾದವನ್ನು ಕೊಟ್ಟಿದ್ದರೆ ಅದೂ ಜೊತೆಗೇ ಮುಚ್ಚಿಹೋಗುತ್ತದೆ. ಲೋಕಲ್ ಆಫ್ ಮಾಡಿದರೆ ಇಂಥ ಅಡ್ಡಪರಿಣಾಮವಿಲ್ಲ.

ಜೋಡಣೆಯಲ್ಲಿ ನುಡಿಸಿದ್ದನ್ನು ಸಂದೇಶಗಳಾಗಿ ದಾಖಲಿಸಿ ಮತ್ತೆ ನುಡಿಸುವ ಹೊರಗಿನ ಸೀಕ್ವೆನ್ಸರ್ ಅಥವಾ ಕಂಪ್ಯೂಟರ್ ಸೇರಿದಾಗಲಂತೂ ಇದು ಅನಿವಾರ್ಯ. ಮಾಸ್ಟರ್‌ನಿಂದ ಹೊರಟ ಸ್ವರ ಅಲ್ಲಿಗೆ ಹೋಗಿ, ಅಲ್ಲಿಂದ ಮಾಸ್ಟರ್‌ಗೇ ಮರಳಿ ಬರುತ್ತದೆ. ಲೋಕಲ್ ಆನ್ ಇದ್ದರೆ ಒಂದೇ ಕೀಗೆ ಒಳದಾರಿಯಿಂದ ಒಮ್ಮೆ, ಹೊರದಾರಿಯಿಂದ ಇನ್ನೊಮ್ಮೆ, ಕೆಲವು ಮಿಲಿಸೆಕೆಂಡ್ ಅಂತರದಲ್ಲಿ ಎರಡು ಸಲ ಸ್ವರ ಹುಟ್ಟುತ್ತದೆ. ಕೇಳಿಸುವುದು ಎರಡು ಸ್ವರಗಳಂತಲ್ಲ. ಡ್ರಮ್ಮಿನೊಳಗೆ ತಲೆಯಿಟ್ಟು ಕೇಳಿದಂಥ, ಸುರುಳಿ ಸುತ್ತುವ ಒಂದು ಟೊಳ್ಳು ನಾದ. ಏಕಕಾಲಕ್ಕೆ ನುಡಿಯಬಲ್ಲ ಸ್ವರಗಳ ಸಂಖ್ಯೆಯೂ ಅರ್ಧಕ್ಕಿಳಿಯುತ್ತದೆ. ಈ ಟೊಳ್ಳು ನಾದವನ್ನು ಒಮ್ಮೆ ಗುರುತು ಹಿಡಿದರೆ ಮುಂದೆಂದೂ ಸಮಯ ವ್ಯರ್ಥವಾಗದು.

ಈ ಸೆಟ್ಟಿಂಗನ್ನು ಆಫ್ ಮಾಡಿ ಮರೆತವರು ಮರುದಿನ ಸಿಂಥ್ ಕೆಟ್ಟಿದೆಯೆಂದು ರಿಪೇರಿಯವರ ಬಳಿಗೆ ಹೊತ್ತುಕೊಂಡು ಹೋಗುವುದೂ ಉಂಟು. ಕೀ ಒತ್ತಿದರೆ ಸದ್ದಿಲ್ಲ, ಡೆಮೊ ಹಾಡು ಮಾತ್ರ ಚೆನ್ನಾಗಿ ನುಡಿಯುತ್ತದೆ ಎಂದರೆ ಕಾರಣ ಬಹುಮಟ್ಟಿಗೆ ಇದೇ.

ಕೀಬೋರ್ಡನ್ನು ಹಂಚುವುದು

ಲೋಕಲ್ ಕಂಟ್ರೋಲ್ ಇಡೀ ಕೀಬೋರ್ಡಿಗೆ ಅನ್ವಯಿಸುವ ಒರಟು ಉಪಕರಣ. ಎಡಗೈ ಹೊರಗಿನ ಬೇಸ್, ಬಲಗೈ ಒಳಗಿನ ಪಿಯಾನೊ ಎಂಬಂಥ ಹಂಚಿಕೆಗೆ, ಅಂದರೆ ಕೀಬೋರ್ಡನ್ನು ತುಂಡುಗಳಾಗಿ ವಿಂಗಡಿಸಲು, ಝೋನ್‌ಗಳು ಬೇಕು. ಮಾಡ್‌ಎಕ್ಸ್‌ನ ಯುಟಿಲಿಟಿ ಮೆನುವಿನಲ್ಲಿ ಝೋನ್ ಮಾಸ್ಟರ್ ಎಂಬ ಸ್ವಿಚ್ ಇದೆ. ಅದನ್ನು ಆನ್ ಮಾಡಿದ ಮೇಲೆ ಪಾರ್ಟ್‌ಗಳಿಗೆ ಝೋನ್ ಸೆಟ್ಟಿಂಗ್‌ಗಳನ್ನು ಕೊಡಬಹುದು. ಯಾವ ಕಂಪನಿಯ ಸಿಂಥ್ ಆದರೂ ಝೋನ್ ಒಂದಕ್ಕೆ ಕಳುಹಿಸುವ ಚಾನೆಲ್, ಕೆಳಗಿನ ಮತ್ತು ಮೇಲಿನ ಕೀಯ ಮಿತಿ, ಎಷ್ಟು ಸ್ಥಾಯಿ ಏರಿಸಬೇಕು ಅಥವಾ ಇಳಿಸಬೇಕು, ಸಂದೇಶ ಒಳಕ್ಕೆ ಹೋಗಬೇಕೊ ಹೊರಕ್ಕೊ ಎಂಬವು ಇದ್ದೇ ಇರುತ್ತವೆ. ಝೋನ್‌ಗಳೇ ಇಲ್ಲದ ಸಿಂಥ್‌ನಲ್ಲಿ ಮಿತಿಯನ್ನು ಮಾಡ್ಯೂಲ್‌ನಲ್ಲಿಯೇ ಹಾಕಬೇಕು. ಬಹಳಷ್ಟು ಮಾಡ್ಯೂಲ್‌ಗಳಲ್ಲಿ ಪ್ರತಿ ಪಾರ್ಟ್‌ಗೂ ಕೀ ರೇಂಜ್ ಎಂಬ ಸೆಟ್ಟಿಂಗ್ ಇದೆ.

ಇಲ್ಲಿ ಎಡವಿ ಬೀಳುವಂಥ ಒಂದು ಜಾಗವಿದೆ. ಮಿಡಿಯಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿದ್ದು, ನಡು ಸ್ಥಾಯಿಯ ಸಿ ಎಂದರೆ 60. ಆದರೆ 60 ಎಂಬ ಇದೇ ಸ್ವರವನ್ನು ಯಮಾಹಾ ಸಿ3 ಎಂದೂ ರೋಲ್ಯಾಂಡ್ ಸಿ4 ಎಂದೂ ಕರೆಯುತ್ತದೆ. ಮಾಡ್‌ಎಕ್ಸ್‌ನಲ್ಲಿ ಬೇಸ್ ಝೋನ್‌ನ ಮೇಲಿನ ಮಿತಿಯನ್ನು ಬಿ2 ಎಂದು ಇಟ್ಟು, ಜೆವಿಯಲ್ಲಿ ಬೇಸ್ ಪಾರ್ಟ್‌ನ ಮಿತಿಯನ್ನೂ ಬಿ2 ಎಂದೇ ಇಟ್ಟಿರಿ ಎನ್ನೋಣ. ಯಮಾಹಾದ ಬಿ2 ಎಂದರೆ 59, ರೋಲ್ಯಾಂಡ್‌ನ ಬಿ2 ಎಂದರೆ 47. ಪರಿಣಾಮವಾಗಿ 48ರಿಂದ 59ರವರೆಗಿನ ಹನ್ನೆರಡು ಕೀಗಳು ಸದ್ದೇ ಮಾಡುವುದಿಲ್ಲ. ಕೀಬೋರ್ಡಿನ ನಡುವೆ ಒಂದಿಡೀ ಸ್ಥಾಯಿಯಷ್ಟು ತೂತು. ಎರಡೂ ಪರದೆಗಳ ಮೇಲೆ ಬಿ2 ಎಂದೇ ಕಾಣುತ್ತಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಮಿತಿಯನ್ನು ಎರಡೂ ಕಡೆ ಹಾಕದೆ ಒಂದೇ ಕಡೆ, ಸಾಧ್ಯವಿದ್ದಷ್ಟೂ ಮಾಸ್ಟರ್‌ನಲ್ಲೇ ಹಾಕುವುದು ಇದಕ್ಕೆ ಪರಿಹಾರ.

ವೋಲ್ಕಾದಂಥ ಮೂರು ಸ್ವರದ ವಾದ್ಯಕ್ಕೆ ಇಡೀ ಕೀಬೋರ್ಡ್ ಬಿಟ್ಟುಕೊಟ್ಟರೆ ನಾಲ್ಕು ಬೆರಳಿನ ಕಾರ್ಡ್ ಹಿಡಿದಾಗ ಒಂದು ಸ್ವರ ಬಿದ್ದುಹೋಗುತ್ತದೆ. ಎಡಗೈಯ ಮಂದ್ರಕ್ಕೆ ಮಾತ್ರ ಅದನ್ನು ಕಟ್ಟಿಹಾಕಿದರೆ ಈ ಕೊರತೆ ತಿಳಿಯುವುದಿಲ್ಲ.

ಮಾಸ್ಟರ್‌ನಿಂದಲೇ ಧ್ವನಿ ಬದಲಿಸುವುದು

ಹಾಡು ಬದಲಾದಾಗ ಮಾಡ್ಯೂಲ್‌ನ ಬಳಿಗೆ ಬಗ್ಗಿ ಗುಂಡಿ ಒತ್ತುವ ಬದಲು ಮಾಸ್ಟರ್‌ನಿಂದಲೇ ಪ್ರೋಗ್ರಾಂ ಚೇಂಜ್ ಕಳುಹಿಸಬಹುದು. ಒಂದು ಬ್ಯಾಂಕಿನಲ್ಲಿ 128 ಧ್ವನಿಗಳಿಗೆ ಮಾತ್ರ ಜಾಗವಿರುವುದರಿಂದ ಮೊದಲು ಸಿಸಿ (ಕಂಟ್ರೋಲ್ ಚೇಂಜ್) 0 ಮತ್ತು ಸಿಸಿ 32 ಎಂಬ ಎರಡು ಸಂದೇಶಗಳಿಂದ ಬ್ಯಾಂಕನ್ನು ಆರಿಸಿ, ಆಮೇಲೆ ಪ್ರೋಗ್ರಾಂ ಸಂಖ್ಯೆಯನ್ನು ಕಳುಹಿಸಬೇಕು. ಇದೇ ಕ್ರಮದಲ್ಲಿ, ಏಕೆಂದರೆ ಬ್ಯಾಂಕಿನ ಆಯ್ಕೆ ಪ್ರೋಗ್ರಾಂ ಸಂಖ್ಯೆ ಬರುವವರೆಗೆ ಜಾರಿಗೆ ಬರುವುದಿಲ್ಲ. ಜೆವಿ-1080ಯ ಪ್ರೀಸೆಟ್ ಎ ಬ್ಯಾಂಕಿನ 5ನೆಯ ಧ್ವನಿ ಬೇಕಾದರೆ ಸಿಸಿ 0ಗೆ 81, ಸಿಸಿ 32ಕ್ಕೆ 0, ಆಮೇಲೆ ಪ್ರೋಗ್ರಾಂ ಸಂಖ್ಯೆ. ಆ ಸಂಖ್ಯೆ ಕೇಬಲ್‌ನಲ್ಲಿ 4 ಎಂದು ಹೋಗುತ್ತದೆ. ಯಂತ್ರವು 0ಯಿಂದ ಎಣಿಸುತ್ತದೆ, ಮನುಷ್ಯರಿಗಾಗಿ ಪರದೆ 1ರಿಂದ ತೋರಿಸುತ್ತದೆ. ಕೆಲವು ಮಾಸ್ಟರ್‌ಗಳ ಪರದೆ ಮಾತ್ರ 0ಯಿಂದಲೇ ತೋರಿಸುತ್ತದೆ. ಯಾವಾಗಲೂ ಪಕ್ಕದ ಧ್ವನಿಯೇ ಬರುತ್ತಿದ್ದರೆ ಒಂದನ್ನು ಕೂಡಿಸಿ ಅಥವಾ ಕಳೆಯಿರಿ.

ಜೆವಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪರ್ಫಾರ್ಮೆನ್ಸ್ ಬದಲಿಸಲೆಂದೇ ಒಂದು ಕಂಟ್ರೋಲ್ ಚಾನೆಲ್ ಇರುತ್ತದೆ. ಅದೂ ನಿಮ್ಮ ಪಾರ್ಟ್‌ನ ಚಾನೆಲೂ ಒಂದೇ ಆಗಿದ್ದರೆ, ತಂತಿವಾದ್ಯ ಬದಲಿಸಲು ಕಳುಹಿಸಿದ ಪ್ರೋಗ್ರಾಂ ಚೇಂಜ್ ಇಡೀ ಪರ್ಫಾರ್ಮೆನ್ಸನ್ನೇ ಬದಲಿಸಿ ನಿಮ್ಮ ಹಂಚಿಕೆಯನ್ನೆಲ್ಲ ಅಳಿಸಿದಂತೆ ಮಾಡುತ್ತದೆ. ಕಂಟ್ರೋಲ್ ಚಾನೆಲನ್ನು 16ರಂಥ ದೂರದ ಸಂಖ್ಯೆಗೆ ಸರಿಸಿ.

ನಾಬ್‌ಗಳು, ಗಮಕ, ಶ್ರುತಿ

ಮಾಸ್ಟರ್‌ನ ನಾಬ್ ತಿರುಗಿಸಿದಾಗ ಹೊರಡುವುದು ಕಂಟ್ರೋಲ್ ಚೇಂಜ್ ಸಂದೇಶ. ಅದರಲ್ಲಿ ಯಾವ ಗುಣ ಎಂಬುದಕ್ಕೆ ಒಂದು ಸಂಖ್ಯೆ, ಎಷ್ಟು ಎಂಬುದಕ್ಕೆ ಇನ್ನೊಂದು. ಮಾಡ್ಯುಲೇಶನ್ 1, ವಾಲ್ಯೂಮ್ 7, ಪ್ಯಾನ್ 10, ಸಸ್ಟೇನ್ ಪೆಡಲ್ 64 ಎಂಬಂಥವು ಬಹುಪಾಲು ಎಲ್ಲೆಡೆ ಒಂದೇ. ನಾದದ ಹೊಳಪನ್ನು ಹೆಚ್ಚು ಕಡಿಮೆ ಮಾಡುವ ಫಿಲ್ಟರ್ ಕಟಾಫ್‌ಗೆ 74 ಎಂಬುದು ರೂಢಿಯಾದರೂ ಎಲ್ಲರೂ ಅದನ್ನು ಪಾಲಿಸಿಲ್ಲ. ವೋಲ್ಕಾ ಕೀಸ್‌ನಲ್ಲಿ ಕಟಾಫ್‌ನ ಸಂಖ್ಯೆ 44. ಮಾಸ್ಟರ್‌ನ ಕಟಾಫ್ ನಾಬ್ 74 ಕಳುಹಿಸುತ್ತಿದ್ದರೆ ವೋಲ್ಕಾ ಅದನ್ನು ಕೇಳಿಸಿಕೊಂಡೂ ಸುಮ್ಮನಿರುತ್ತದೆ. ಆ ನಾಬ್ ಕಳುಹಿಸುವ ಸಂಖ್ಯೆಯನ್ನು 44ಕ್ಕೆ ಬದಲಿಸಿದ ಕ್ಷಣದಲ್ಲಿ ಮುಚ್ಚಿದ ಬಾಯಿ ತೆರೆದಂತೆ ನಾದ ಅರಳುತ್ತದೆ.

ಈ ಸಂಖ್ಯೆಗಳನ್ನು ಊಹಿಸುವ ಅಗತ್ಯವಿಲ್ಲ. ಪ್ರತಿ ವಾದ್ಯದ ಕೈಪಿಡಿಯ ಜೊತೆಗೂ ಮಿಡಿ ಇಂಪ್ಲಿಮೆಂಟೇಶನ್ ಚಾರ್ಟ್ ಎಂಬ ಒಂದು ಪುಟದ ಪಟ್ಟಿ ಇರುತ್ತದೆ. ಅದರಲ್ಲಿ ಕಳುಹಿಸುವುದಕ್ಕೆ ಒಂದು ಕಂಬಸಾಲು, ಸ್ವೀಕರಿಸುವುದಕ್ಕೆ ಇನ್ನೊಂದು. ವೃತ್ತ ಇದ್ದರೆ ಉಂಟು, ಗುಣಾಕಾರದ ಗುರುತಿದ್ದರೆ ಇಲ್ಲ. ಮಾಸ್ಟರ್‌ನ ಕಳುಹಿಸುವ ಸಾಲನ್ನೂ ಮಾಡ್ಯೂಲ್‌ನ ಸ್ವೀಕರಿಸುವ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ವಾದ್ಯ ಕೊಳ್ಳುವ ಮೊದಲು ನಾನು ಓದುವುದು ಇದೊಂದೇ ಪುಟವನ್ನು.

ನಮ್ಮ ಸಂಗೀತ ನುಡಿಸುವವರಿಗೆ ಪಿಚ್ ಬೆಂಡ್ ಹೆಚ್ಚು ಮುಖ್ಯ, ಏಕೆಂದರೆ ಗಮಕಗಳೆಲ್ಲ ಅಲ್ಲಿಯೇ ಇವೆ. ಬೆಂಡ್ ಚಕ್ರದ ಚಲನೆ 16,384 ಮೆಟ್ಟಿಲುಗಳಲ್ಲಿ ಹೋಗುವುದರಿಂದ ಜಾರು ನುಣುಪಾಗಿ ಬರುತ್ತದೆ, ಆದರೆ ಚಕ್ರವನ್ನು ಪೂರ್ತಿ ತಳ್ಳಿದರೆ ಎಷ್ಟು ಸ್ವರಸ್ಥಾನ ಏರಬೇಕೆಂಬುದನ್ನು ಸಂದೇಶ ಹೇಳುವುದಿಲ್ಲ. ಅದನ್ನು ನುಡಿಯುವ ವಾದ್ಯವೇ ನಿರ್ಧರಿಸುತ್ತದೆ. ಮಾಸ್ಟರ್‌ನ ಕೊಳಲು 2 ಸೆಮಿಟೋನ್‌ಗೂ ಜೆವಿಯ ತಂತಿ 12 ಸೆಮಿಟೋನ್‌ಗೂ ಹೊಂದಿಸಲ್ಪಟ್ಟಿದ್ದು, ಎರಡನ್ನೂ ಒಟ್ಟಿಗೆ ನುಡಿಸುತ್ತ ಪಂಚಮದಿಂದ ಚತುಶ್ರುತಿ ಧೈವತಕ್ಕೆ ಜಾರಿದರೆ, ಕೊಳಲು ಧೈವತದಲ್ಲಿ ನಿಂತಾಗ ತಂತಿ ಮೇಲಿನ ಪಂಚಮಕ್ಕೆ ಹಾರಿರುತ್ತದೆ. ಎರಡೂ ಕಡೆ ಬೆಂಡ್ ರೇಂಜ್ ಒಂದೇ ಇರುವಂತೆ ನೋಡಿಕೊಳ್ಳಿ. ಮಾಡ್ಯೂಲ್‌ನ ಮೆನು ಹುಡುಕುವುದು ಕಷ್ಟವಾದರೆ, ಅದು ಆರ್‌ಪಿಎನ್ ಎಂಬ, ಸೆಟ್ಟಿಂಗ್ ಬದಲಿಸುವ ಸಂದೇಶಗಳನ್ನು ಸ್ವೀಕರಿಸುವಂಥದ್ದಾದರೆ, ಮಾಸ್ಟರ್‌ನಿಂದ ಸಿಸಿ 101ಕ್ಕೆ 0, ಸಿಸಿ 100ಕ್ಕೆ 0, ಸಿಸಿ 6ಕ್ಕೆ 2 ಎಂದು ಕ್ರಮವಾಗಿ ಕಳುಹಿಸಿದರೆ ರೇಂಜ್ 2 ಆಗುತ್ತದೆ. ಆಮೇಲೆ 101 ಮತ್ತು 100ಕ್ಕೆ 127 ಕಳುಹಿಸಿ ಆ ಬಾಗಿಲನ್ನು ಮುಚ್ಚಬೇಕು.

ಶ್ರುತಿ ಬದಲಿಸುವುದರಲ್ಲಿ ನನಗೊಮ್ಮೆ ಒಳ್ಳೆಯ ಪಾಠವಾಯಿತು. ರಸಮಂಜರಿ ಕಾರ್ಯಕ್ರಮವೊಂದರಲ್ಲಿ ಗಾಯಕಿ ‘ಕರಿ ಎರಡಕ್ಕೆ ಹಾಕಿ’ ಎಂದರು. ಸಿ ಶ್ರುತಿಯಲ್ಲಿದ್ದ ನಾನು ಮಾಸ್ಟರ್‌ನ ಟ್ರಾನ್ಸ್‌ಪೋಸ್ ಗುಂಡಿಯಿಂದ ಮೂರು ಏರಿಸಿ ಪಲ್ಲವಿ ಶುರುಮಾಡಿದೆ. ಎಡಗೈಯ ತುದಿಯ ಕೀಗಳಿಂದ ಮಾಡ್ಯೂಲ್‌ನ ಡ್ರಮ್ಸ್ ನುಡಿಸುತ್ತಿದ್ದೆ. ಬೇಸ್ ಡ್ರಮ್ ಬೀಳಬೇಕಾದ ಪ್ರತಿ ಏಟಿಗೂ ಚಪ್ಪಾಳೆ ಬೀಳತೊಡಗಿತು. ಸಭಿಕರಿಗೆ ಇದು ಹೊಸ ಪ್ರಯೋಗದಂತೆ ಕಂಡಿರಬೇಕು. ಕಾರಣ ಸರಳ: ಜನರಲ್ ಮಿಡಿ ಡ್ರಮ್ ಕಿಟ್‌ನಲ್ಲಿ 36 ಎಂದರೆ ಬೇಸ್ ಡ್ರಮ್, 39 ಎಂದರೆ ಚಪ್ಪಾಳೆ. ಹಲವು ಸಿಂಥ್‌ಗಳಲ್ಲಿ ಟ್ರಾನ್ಸ್‌ಪೋಸ್ ಹೊರಗೆ ಹೋಗುವ ಸ್ವರಗಳನ್ನೂ ಸರಿಸುತ್ತದೆ, ಎಲ್ಲ ಝೋನ್‌ಗಳನ್ನೂ ಒಟ್ಟಿಗೆ. ಅಂಥಲ್ಲಿ ಶ್ರುತಿಯನ್ನು ರಾಗದ ಝೋನ್‌ಗಳಿಗೆ ಮಾತ್ರ ಪ್ರತ್ಯೇಕವಾಗಿ ಹಾಕಿ, 10ನೆಯ ಚಾನೆಲನ್ನು ಅದರ ಪಾಡಿಗೆ ಬಿಡಬೇಕು.

ಲಯ ಮತ್ತು ವೇಗ

ಮಾಸ್ಟರ್‌ನ ಆರ್ಪೆಜಿಯೇಟರ್ (ಹಿಡಿದ ಸ್ವರಗಳನ್ನು ಒಂದೊಂದಾಗಿ ನುಡಿಸುವ ಸೌಲಭ್ಯ) ಮತ್ತು ಹೊರಗಿನ ವಾದ್ಯದ ಡಿಲೇ (ಪ್ರತಿಧ್ವನಿ) ಒಂದೇ ಲಯದಲ್ಲಿ ನಡೆಯಬೇಕಾದರೆ ಮಿಡಿ ಕ್ಲಾಕ್ ಬೇಕು. ಮಾಸ್ಟರ್ ಪ್ರತಿ ಕ್ವಾರ್ಟರ್ ನೋಟಿಗೆ (ಸಾಮಾನ್ಯವಾಗಿ ಒಂದು ಏಟಿಗೆ) 24 ಟಿಕ್‌ಗಳನ್ನು ಕಳುಹಿಸುತ್ತದೆ. ನಿಮಿಷಕ್ಕೆ 120ರ ಕಾಲಪ್ರಮಾಣದಲ್ಲಿ ಸೆಕೆಂಡಿಗೆ 48. ಕ್ಲಾಕ್ ಸಂದೇಶಕ್ಕೆ ಚಾನೆಲ್ ಇರುವುದಿಲ್ಲ, ಸಾಲಿನಲ್ಲಿರುವ ಎಲ್ಲರಿಗೂ ಅದು ಸೇರುತ್ತದೆ. ಮಾಸ್ಟರ್‌ನಲ್ಲಿ ಕ್ಲಾಕ್ ಔಟ್ ಆನ್ ಮಾಡಿ, ಉಳಿದವುಗಳಲ್ಲಿ ಸಿಂಕ್ ಅನ್ನು ಹೊರಗಿನಿಂದ ಎಂದು ಇಟ್ಟರೆ ಸಾಕು. ಲಯ ಕೊಡುವವರು ಒಬ್ಬರೇ ಇರಬೇಕು. ಕ್ಲಾಕ್‌ನ ಜೊತೆಗೆ ಸ್ಟಾರ್ಟ್ ಮತ್ತು ಸ್ಟಾಪ್ ಆಜ್ಞೆಗಳೂ ಹೋಗುತ್ತವೆ ಎಂಬುದನ್ನು ಮರೆತರೆ, ಮಾಸ್ಟರ್‌ನಲ್ಲಿ ಪ್ಲೇ ಒತ್ತಿದಾಗ ಹೊರಗಿನ ವಾದ್ಯವು ತನ್ನೊಳಗೆ ಉಳಿದಿದ್ದ ಹಳೆಯ ಪ್ಯಾಟರ್ನನ್ನು ನುಡಿಸತೊಡಗಿ ಬೆಚ್ಚಿಬೀಳಿಸುತ್ತದೆ.

ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್‌ಗೆ ಹತ್ತು ಬಿಟ್, ಒಂದು ಸ್ವರಕ್ಕೆ ಮೂರು ಬೈಟ್. ಎಂದರೆ ಒಂದು ಸ್ವರ ಸಾಗಲು ಸುಮಾರು ಒಂದು ಮಿಲಿಸೆಕೆಂಡ್. ಎರಡು ಝೋನ್‌ಗಳಲ್ಲಿ ಆರು ಬೆರಳಿನ ಕಾರ್ಡ್ ಹಿಡಿದರೆ ಹನ್ನೆರಡು ಸ್ವರಗಳು ಸಾಲಾಗಿ ಹೊರಟು, ಕೊನೆಯದು ತಲುಪುವ ಹೊತ್ತಿಗೆ 11 ಮಿಲಿಸೆಕೆಂಡ್ ಕಳೆದಿರುತ್ತದೆ. ಇದು ಕಿವಿಗೆ ಅಷ್ಟಾಗಿ ತಿಳಿಯದು. ಆದರೆ ಕೀಯನ್ನು ಒತ್ತಿ ಹಿಡಿದಾಗ ಹೊರಡುವ ಆಫ್ಟರ್‌ಟಚ್ ಅಥವಾ ತಿರುಗುತ್ತಿರುವ ನಾಬ್‌ನ ಸಂದೇಶಗಳ ಮಳೆ ಅದೇ ದಾರಿಯಲ್ಲಿ ಸೇರಿಕೊಂಡರೆ ತಾಳ ಅಲುಗಾಡುತ್ತದೆ. ಯಾವ ಮಾಡ್ಯೂಲ್‌ಗೂ ಬೇಡವಾದ ಆಫ್ಟರ್‌ಟಚ್ಚನ್ನು ಮಾಸ್ಟರ್‌ನ ಕಳುಹಿಸುವ ಫಿಲ್ಟರ್‌ನಲ್ಲಿ ತಡೆದುಬಿಡಿ.

ನಮ್ಮ ಆರ್ಕೆಸ್ಟ್ರಾಗಳಲ್ಲಿ ಕೋಲುಗಳಿಂದ ಬಾರಿಸುವ ಎಲೆಕ್ಟ್ರಾನಿಕ್ ತಾಳವಾದ್ಯವಾದ ಆಕ್ಟಪ್ಯಾಡ್ ಇಲ್ಲದ ವೇದಿಕೆ ಅಪರೂಪ. ರೋಲ್ಯಾಂಡ್ ಎಸ್‌ಪಿಡಿ-30ಯಂಥ ಆಕ್ಟಪ್ಯಾಡ್‌ಗೆ ಮಿಡಿ ಇನ್ ಮತ್ತು ಔಟ್ ಎರಡೂ ಇವೆ, ಮತ್ತು ಅದರಿಂದಲೂ ಮಾಡ್ಯೂಲ್‌ನ ಡ್ರಮ್ಸ್ ನುಡಿಸಬಹುದು. ಆಗ ಒಂದೇ ಇನ್ ಕಿಂಡಿಗೆ ಕೀಬೋರ್ಡ್, ಆಕ್ಟಪ್ಯಾಡ್ ಎಂಬ ಇಬ್ಬರು ಮಾತನಾಡುವವರಾಗುತ್ತಾರೆ. ಎರಡು ಕೇಬಲ್‌ಗಳನ್ನು ಒಂದಕ್ಕೆ ಸೇರಿಸುವ ವೈ ಕೇಬಲ್ ಇಲ್ಲಿ ನಡೆಯುವುದಿಲ್ಲ. ಇಬ್ಬರು ಒಟ್ಟಿಗೆ ಮಾತನಾಡಿದಾಗ ಎರಡೂ ಸಂದೇಶಗಳು ಕಲಸಿಹೋಗುತ್ತವೆ. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರನ್ನು ಕಾಯಿಸುವ ಮಿಡಿ ಮರ್ಜ್ ಬಾಕ್ಸ್ ಬೇಕು.

ಸ್ವರ ನಿಲ್ಲದಿದ್ದರೆ

ಕೀ ಬಿಟ್ಟ ಮೇಲೂ ಸ್ವರ ಕೊರೆಯುತ್ತಲೇ ಇದ್ದರೆ ನಿಲ್ಲಿಸುವ ಸಂದೇಶ ಮಾಡ್ಯೂಲ್‌ಗೆ ತಲುಪಿಲ್ಲವೆಂದು ಅರ್ಥ. ಮಿಡಿಯಲ್ಲಿ ಸ್ವರ ಶುರುವಾಗುವುದಕ್ಕೂ ನಿಲ್ಲುವುದಕ್ಕೂ ಬೇರೆ ಬೇರೆ ಆಜ್ಞೆಗಳಿವೆ. ನಡುವೆ ಕೇಬಲ್ ಸಡಿಲವಾದರೆ, ಕೀ ಹಿಡಿದಿರುವಾಗಲೇ ಚಾನೆಲ್ ಅಥವಾ ಸ್ಥಾಯಿ ಬದಲಿಸಿದರೆ ಎರಡನೆಯದು ಬೇರೆ ವಿಳಾಸಕ್ಕೆ ಹೋಗುತ್ತದೆ. ಮಾಸ್ಟರ್‌ನಲ್ಲಿ ಪ್ಯಾನಿಕ್ ಗುಂಡಿ ಇದ್ದರೆ ಒತ್ತಿ. ಅದು ಸಿಸಿ 123 ಮತ್ತು 120ರಂಥ ಎಲ್ಲ ನಿಲ್ಲಿಸುವ ಆಜ್ಞೆಗಳನ್ನು ಕಳುಹಿಸುತ್ತದೆ. ಇಲ್ಲದಿದ್ದರೆ ಸಸ್ಟೇನ್ ಪೆಡಲನ್ನು ಒಮ್ಮೆ ಒತ್ತಿ ಬಿಡಿ, ಏಕೆಂದರೆ ಎಷ್ಟೋ ಸಲ ಸಿಕ್ಕಿಕೊಂಡಿರುವುದು ಸ್ವರವಲ್ಲ, ಪೆಡಲ್‌ನ ಸಂದೇಶ. ಅದೂ ಆಗದಿದ್ದರೆ ಮಾಡ್ಯೂಲನ್ನು ಆಫ್ ಮಾಡಿ ಮತ್ತೆ ಆನ್ ಮಾಡುವುದೊಂದೇ ದಾರಿ.

ಎಲ್ಲವೂ ಸರಿಬಂದ ಮೇಲೆ ಮಾಸ್ಟರ್‌ನ ಪರ್ಫಾರ್ಮೆನ್ಸನ್ನೂ ಮಾಡ್ಯೂಲ್‌ನ ಪರ್ಫಾರ್ಮೆನ್ಸನ್ನೂ ಪ್ರತ್ಯೇಕವಾಗಿ ಸೇವ್ ಮಾಡಿ; ಒಂದನ್ನು ಸೇವ್ ಮಾಡಿದರೆ ಇನ್ನೊಂದು ತಾನಾಗಿ ಉಳಿಯುವುದಿಲ್ಲ. ಪ್ರತಿ ವಾದ್ಯದ ಮೇಲೂ ಬಿಳಿ ಟೇಪಿನ ತುಂಡು ಅಂಟಿಸಿ ಚಾನೆಲ್ ಸಂಖ್ಯೆ ಬರೆದರೆ ಕತ್ತಲ ವೇದಿಕೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಆನ್ ಮಾಡುವಾಗ ಮೊದಲು ಮಾಡ್ಯೂಲ್‌ಗಳು, ಆಮೇಲೆ ಮಾಸ್ಟರ್, ಕೊನೆಗೆ ಆಂಪ್ಲಿಫೈಯರ್. ಮಾಸ್ಟರ್ ತನ್ನ ಪ್ರೋಗ್ರಾಂ ಚೇಂಜ್‌ಗಳನ್ನು ಕಳುಹಿಸುವ ಹೊತ್ತಿಗೆ ಮಾಡ್ಯೂಲ್ ಎಚ್ಚರವಾಗಿರದಿದ್ದರೆ ಹಿಂದಿನ ದಿನದ ಧ್ವನಿಯಲ್ಲೇ ಉಳಿದುಬಿಡುತ್ತದೆ. ಹಾಗಾದಾಗ ಮಾಸ್ಟರ್‌ನಲ್ಲಿ ಅದೇ ಪರ್ಫಾರ್ಮೆನ್ಸನ್ನು ಮತ್ತೊಮ್ಮೆ ಆರಿಸಿದರೆ ಸಾಕು.